ಅಳತೆಯಿಲ್ಲದ ಸರಪಳಿ, ಐವತ್ತು ರೂಪಾಯಿಯ ದಂಡ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಮಂಡ್ಯ ಜಿಲ್ಲೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿ ದುಡಿದು ನಿವೃತ್ತನಾದ ನಾನು, ಕಬ್ಬು ಅರೆಯುವ ಹಂಗಾಮಿನಲ್ಲಿ ಎತ್ತುಗಳ ಹೆಗಲಿನ ನೊಗದ ಹುಣ್ಣಿಗೆ ಎಷ್ಟು ಸಲ ಔಷಧಿ ಹಚ್ಚಿದೆನೋ ಲೆಕ್ಕವಿಟ್ಟಿಲ್ಲ. ಹುಣ್ಣು ಮಾಯುವ ಮೊದಲೇ ಅದೇ ಎತ್ತು ಅದೇ ನೊಗಕ್ಕೆ ಮರಳುತ್ತಿತ್ತು. ಒಮ್ಮೆ ಏರು ರಸ್ತೆಯಲ್ಲಿ ಮಂಡಿಯೂರಿ ಬಿದ್ದ ಎತ್ತನ್ನು ಬಾರುಕೋಲಿನಿಂದ ಹೊಡೆಯುತ್ತಿದ್ದುದನ್ನು ಕಂಡು ನಾನು ಠಾಣೆಗೆ ಹೋದೆ. ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂದೂ, ಅದು ಬರುವಷ್ಟರಲ್ಲಿ ಗಾಡಿ ಊರು ಸೇರಿರುತ್ತದೆಂದೂ, ಕೊನೆಗೆ ಬೀಳುವ ದಂಡ ಹೆಚ್ಚೆಂದರೆ ಐವತ್ತು ರೂಪಾಯಿಯೆಂದೂ ಅಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ವಿವರಿಸಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಕಾಯ್ದೆಯೇ ಹಾಗಿದೆ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ತಪ್ಪೆಸಗಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗಿನ ಜೈಲು, ಅಥವಾ ಎರಡೂ. ಹೊಡೆಯುವುದು, ಅತಿಭಾರ ಹೇರುವುದು, ಉಪವಾಸ ಕೆಡಹುವುದು, ಇವೆಲ್ಲ ಅಸಂಜ್ಞೇಯ ಅಪರಾಧಗಳು, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದಂಥವು.

ಆದರೂ ದಂಡದ ಮೊತ್ತಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಾಯ್ದೆಯ ಭಾಷೆ. ಪ್ರಾಣಿಯನ್ನು 'ಅಸಮಂಜಸ' ಅವಧಿಯವರೆಗೆ, 'ಅಸಮಂಜಸವಾಗಿ' ಗಿಡ್ಡವಾದ ಇಲ್ಲವೇ ಭಾರವಾದ ಸರಪಳಿಯಲ್ಲಿ ಕಟ್ಟಿಹಾಕುವುದು ಅಪರಾಧವೆಂದು ಅದು ಹೇಳುತ್ತದೆ. ಎಷ್ಟು ಮೊಳದ ಸರಪಳಿ ಗಿಡ್ಡ, ಎಷ್ಟು ಗಂಟೆ ಕಟ್ಟಿದರೆ ಅತಿಯಾಯಿತು ಎಂಬುದನ್ನು ನಾಯಿಯ ಒಡೆಯನೂ ಅರಿಯ, ಬೀಟ್ ಪೊಲೀಸನೂ ಅರಿಯ. ಇದಕ್ಕೆ ಹೋಲಿಸಿದರೆ, ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ರೂಪಿಸಿದ ನಿಯಮಗಳು ಎಷ್ಟೋ ಮೇಲು: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆ ಮೀರಬಾರದು, ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಗಡಿಯಾರ ನೋಡಬಲ್ಲ ಯಾರಾದರೂ ಇದನ್ನು ಜಾರಿ ಮಾಡಬಹುದು. ಮೋಟಾರು ವಾಹನ ನಿಯಮಗಳೂ ಸಾಗಣೆಯಲ್ಲಿ ಪ್ರತಿ ಹಸುವಿಗೆ 2 ಚದರ ಮೀಟರ್ ಜಾಗವನ್ನು ಗೊತ್ತುಪಡಿಸಿವೆ. ಅಂದರೆ ಅಳತೆಯಿಟ್ಟು ಬರೆಯುವುದು ನಮಗೆ ಹೊಸದಲ್ಲ, ಮೂಲ ಕಾಯ್ದೆಗೆ ಅದು ಇಳಿದಿಲ್ಲವಷ್ಟೆ.

ಶಿಕ್ಷೆಯನ್ನು ಬಿಗಿಗೊಳಿಸುವಂತೆ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಕುರಿತ 2014ರ ನಾಗರಾಜ ಪ್ರಕರಣದ ತೀರ್ಪಿನಲ್ಲಿಯೇ ಸಂಸತ್ತಿಗೆ ತಿಳಿಸಿತ್ತು. ಕೇಂದ್ರವು 2022ರಲ್ಲಿ ತಿದ್ದುಪಡಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಆದರೆ ಈ ವಿಷಯ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ನಾವು ದೆಹಲಿಯ ದಾರಿಯನ್ನೇ ಕಾಯಬೇಕಾಗಿಲ್ಲ. ಕಂಬಳ ಉಳಿಯಲೆಂದು 2017ರಲ್ಲಿ ನಮ್ಮ ವಿಧಾನಮಂಡಲ ಇದೇ ಕಾಯ್ದೆಯನ್ನು ತಿದ್ದಿತು, ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು, 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳ ಓಟಕ್ಕಾಗಿ ತೆರೆದ ಆ ಬಾಗಿಲನ್ನು ಎತ್ತಿನ ಹೆಗಲಿಗಾಗಿಯೂ ತೆರೆಯಿರಿ ಎಂಬುದು ನನ್ನ ಬೇಡಿಕೆ.

ಹೊಡೆತ, ಅತಿಭಾರ, ಉಪವಾಸ ಈ ಮೂರನ್ನು ಸಂಜ್ಞೇಯವಾಗಿಸಿ. ಕಟ್ಟುವ ಹಗ್ಗದ ಉದ್ದ, ನೀರು ನೆರಳಿನ ಅಂತರ, ದುಡಿಮೆಯ ಗಂಟೆಗಳನ್ನು ಕಾಯ್ದೆಯ ಅನುಸೂಚಿಯಲ್ಲಿಯೇ ಅಂಕಿಗಳಲ್ಲಿ ಬರೆಯಿಸಿ. ಗಾಡಿಯವನನ್ನು ಮಾತ್ರ ಹಿಡಿಯುವ ಕಾನೂನು ಅನ್ಯಾಯದ್ದಾಗುತ್ತದೆ, ಏಕೆಂದರೆ ಟನ್ನಿನ ಲೆಕ್ಕದಲ್ಲಿ ಬಾಡಿಗೆ ಕೊಡುವವರು, ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳನ್ನು ಸರದಿಯಲ್ಲಿ ಬಿಸಿಲಿಗೆ ನಿಲ್ಲಿಸುವವರು ಬೇರೆ. ಅವರನ್ನೂ ಹೊಣೆಗಾರರನ್ನಾಗಿಸಿ. ಮೊದಲ ತಪ್ಪಿಗೆ ಎತ್ತನ್ನು ಜಪ್ತಿ ಮಾಡಿದರೆ ಬಡವನ ಒಲೆ ಆರುತ್ತದೆ. ಅದರ ಬದಲು ಗಾಯಗೊಂಡ ಎತ್ತನ್ನು ನೊಗದಿಂದ ಬಿಚ್ಚಿಸಿ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಕೊಡಿಸಿ, ಮಾಯ್ದ ಬಳಿಕವೇ ಹೂಡಲು ಬಿಡುವ ಲಿಖಿತ ಆದೇಶದ ಅಧಿಕಾರವನ್ನು ಪಶುವೈದ್ಯರಿಗೆ ಕೊಡಿ.

ಕರಡನ್ನು ಮೊದಲು ಕನ್ನಡದಲ್ಲಿ ಪ್ರಕಟಿಸಿ, ಮುಂದಿನ ಹಂಗಾಮು ಶುರುವಾಗುವ ಮುನ್ನ ಮಂಡ್ಯದಲ್ಲೊಂದು ಸಭೆ ಕರೆದು ಗಾಡಿಯವರನ್ನೂ ಠಾಣೆಯ ಪೇದೆಗಳನ್ನೂ ಕೂರಿಸಿ ಓದಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಮಂಡ್ಯ ಜಿಲ್ಲೆ