ಮಗುವನ್ನು ಕರೆದೊಯ್ಯುವ ಮೊದಲು ಅಜ್ಜಿಯನ್ನು ಕೇಳಿ

ಮಾನ್ಯ ಸಂಪಾದಕರೇ,

ಮೇ ಮುಗಿಯುತ್ತಿದ್ದಂತೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಬಸ್ ನಿಲ್ದಾಣಗಳಲ್ಲಿ ತಗಡಿನ ಟ್ರಂಕಿನ ಪಕ್ಕ ಕುಳಿತ ಮಕ್ಕಳು ಕಾಣಿಸತೊಡಗುತ್ತಾರೆ. ಆಶ್ರಮ ಶಾಲೆಗೋ ಹಾಸ್ಟೆಲಿಗೋ ಹೊರಟವರು. ಓದಿನ ಆಸೆಯಿಂದ ಹೊರಟವರೇ ಇವರಲ್ಲಿ ಹೆಚ್ಚು; ಆದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂಬ ಒಂದೇ ಕಾರಣಕ್ಕೆ ಹೊರಟವರೂ ಇರುತ್ತಾರೆ. ಈ ಎರಡನೆಯ ಬಗೆಯ ಮಕ್ಕಳ ವಿಷಯದಲ್ಲಿ, ಅಂಕೋಲಾ ಮತ್ತು ಯಲ್ಲಾಪುರ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಕಲಿಸಿದ ನಾನು, ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬಯಸುತ್ತೇನೆ. ಮಗುವನ್ನು ಮನೆಯಿಂದ ಕರೆದೊಯ್ಯುವ ಮೊದಲು ಅದರ ಅಜ್ಜಿ, ಸೋದರಮಾವ, ದೊಡ್ಡಮ್ಮ ಯಾರು, ಎಲ್ಲಿದ್ದಾರೆ ಎಂದು ವಿಚಾರಿಸುವ, ಸಂಸ್ಥೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಆ ಬಂಧುಗಳ ಮನೆಗೇ ಮುಟ್ಟಿಸುವ ಕ್ರಮ ನಮ್ಮ ಜಿಲ್ಲೆಯಲ್ಲಿ ರೂಢಿಗೆ ಬರಬೇಕು.

ಸುಮಾರು 12 ವರ್ಷಗಳ ಹಿಂದಿನ ಮಾತು. ನನ್ನ ಶಾಲೆಯಲ್ಲಿ ಎರಡನೇ ತರಗತಿಗೆ ಬರುತ್ತಿದ್ದ ಸಿದ್ದಿ ಸಮುದಾಯದ ಹುಡುಗನೊಬ್ಬನ ತಾಯಿ ಕೂಲಿಗೆಂದು ಗೋವಾಕ್ಕೆ ಹೋದವಳು ತಿಂಗಳುಗಟ್ಟಲೆ ಬಂದಿರಲಿಲ್ಲ. ತಂದೆ ಕುಡಿತಕ್ಕೆ ಬಿದ್ದಿದ್ದ. ಯಾರೋ ಪುಣ್ಯಾತ್ಮರು ದೂರವಾಣಿ ಮಾಡಿ ತಿಳಿಸಿದರು. ಎರಡೇ ದಿನದಲ್ಲಿ ಜೀಪು ಬಂತು, ಹುಡುಗ ಪಟ್ಟಣದ ಒಂದು ಮಕ್ಕಳ ಪಾಲನಾ ಸಂಸ್ಥೆಗೆ ಸೇರಿದ. ಗುಡ್ಡದಾಚೆ, ನಡೆದರೆ ಮುಕ್ಕಾಲು ಗಂಟೆಯ ದಾರಿಯಲ್ಲಿ, ಅವನ ತಾಯಿಯ ತಾಯಿ ಇದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಆಕೆ ಹಲಸಿನ ಹಪ್ಪಳದ ಕಟ್ಟನ್ನು ಸೆರಗಿನಲ್ಲಿ ಹಿಡಿದುಕೊಂಡು ಶಾಲೆಯ ಜಗುಲಿಗೆ ಬಂದು, “ಅಕ್ಕೋರೇ, ನಾನು ಸತ್ತಿದ್ದೇನೆ ಅಂತ ಯಾರು ಬರೆದುಕೊಟ್ಟರು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ವಾರ ಆಕೆಯ ಜೊತೆ ನಾನೂ ಹೋದೆ. ಹುಡುಗನ ಕಡತದಲ್ಲಿ “ಮಗು ಮಾತನಾಡುವುದಿಲ್ಲ” ಎಂದು ಬರೆದಿತ್ತು. ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಕೇಳಿದ್ದರು. ಅವನ ಮನೆಮಾತು ಕೊಂಕಣಿಯ ಒಂದು ಬಗೆ. ಅಜ್ಜಿಯನ್ನು ಕಂಡೊಡನೆ ಅವನು ಆಡಿದ ಮಾತನ್ನು ನಿಲ್ಲಿಸುವುದೇ ಕಷ್ಟವಾಯಿತು. ಆದರೂ ಅವನು ಅಜ್ಜಿಯ ಮನೆಗೆ ಮರಳಲು ಎಂಟು ತಿಂಗಳು ಹಿಡಿಯಿತು, ಮರಳಿದವನು ಮೊದಮೊದಲು ಅಜ್ಜಿಗೆ ಕನ್ನಡದಲ್ಲೇ ಉತ್ತರಿಸುತ್ತಿದ್ದ. ಅಲ್ಲಿದ್ದ ಸಿಬ್ಬಂದಿ ಕೆಟ್ಟವರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೊತ್ತಿಗೆ ಸರಿಯಾಗಿ ಊಟ, ಬಟ್ಟೆ, ಔಷಧಿ ಕೊಟ್ಟಿದ್ದರು.

ಈ ಹಳೆಯ ಸಂಗತಿ ಮತ್ತೆ ಕೊರೆಯಲು ಕಾರಣ, ಕಳೆದ ವರ್ಷ ಕೆನಡಾದ ವಿನಿಪೆಗ್‌ನಲ್ಲಿರುವ ಮಗಳ ಮನೆಯಲ್ಲಿ ಕಳೆದ ಐದು ತಿಂಗಳು. ಅಲ್ಲಿಯ ಮೂಲನಿವಾಸಿಗಳಲ್ಲಿ ದೊಡ್ಡ ಸಮುದಾಯವಾದ ಕ್ರೀ ಜನರಲ್ಲಿ ಅಜ್ಜಿಯನ್ನು ಸಾಮಾನ್ಯವಾಗಿ ‘ಕೋಕಮ್’ ಎನ್ನುತ್ತಾರೆ. ಮುರುಗಲನ್ನು ಕೋಕಂ ಎಂದು ಕರೆಯುವ ಕಾರವಾರದ ಕಡೆಯವಳಾದ ನನಗೆ ಮೊದಲು ನಗು ಬಂದಿತ್ತು. ಆದರೆ ಆ ಅಜ್ಜಿಯರ ತಲೆಮಾರು ಅನುಭವಿಸಿದ್ದನ್ನು ಓದಿದಾಗ ನಗು ಉಳಿಯಲಿಲ್ಲ. 19ನೇ ಶತಮಾನದ ಕೊನೆಯಿಂದ 1990ರ ದಶಕದವರೆಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿಶಾಲೆಗಳಿಗೆ ಒಯ್ದರು. ಮನೆಮಾತು ಆಡಿದರೆ ಶಿಕ್ಷೆಯಿತ್ತು. ಮರಳದ ಮಕ್ಕಳು ಸಾವಿರಾರು. ಆ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲೇ, 1960ರ ದಶಕದ ಆಸುಪಾಸಿನಲ್ಲಿ, ಮಕ್ಕಳ ಕಲ್ಯಾಣದ ಹೆಸರಿನಲ್ಲಿ ಸಾವಿರಾರು ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಟ್ಟರು. 2021ರ ಜನಗಣತಿಯಲ್ಲೂ ದೇಶದ ಮಕ್ಕಳಲ್ಲಿ ಮೂಲನಿವಾಸಿಗಳ ಪ್ರಮಾಣ ಶೇ 8ನ್ನು ಮುಟ್ಟದಿದ್ದರೆ, ಹೆತ್ತವರಿಂದ ದೂರವಾಗಿ ಪಾಲಕ ಕುಟುಂಬಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಅವರೇ ಅರ್ಧಕ್ಕಿಂತ ಹೆಚ್ಚು.

ನಮ್ಮ ಆಶ್ರಮ ಶಾಲೆಗಳನ್ನು ಅವುಗಳೊಂದಿಗೆ ಹೋಲಿಸುವುದು ಅನ್ಯಾಯ. ನನ್ನ ಎಷ್ಟೋ ವಿದ್ಯಾರ್ಥಿಗಳು ಹಾಸ್ಟೆಲಿನ ಅನ್ನ ಉಂಡೇ ಪದವಿ ಪಡೆದರು. ನಾವು ಕಲಿಯಬೇಕಾದದ್ದು ಕ್ರೀ ಜನ ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು. ಮ್ಯಾನಿಟೋಬಾ ಪ್ರಾಂತ್ಯದ ಉತ್ತರಕ್ಕಿರುವ ನೆಲ್ಸನ್ ಹೌಸ್ ಎಂಬಲ್ಲಿಯ ಕ್ರೀ ಸಮುದಾಯ ಬಹಳ ವರ್ಷಗಳಿಂದ ಒಂದು ಸರಳ ಕ್ರಮ ಪಾಲಿಸುತ್ತಿದೆ. ಮನೆಯಲ್ಲಿ ಕುಡಿತವೋ ಜಗಳವೋ ಅತಿಯಾಗಿ ಮಗುವಿಗೆ ಅಪಾಯ ಎನಿಸಿದರೆ, ಮಗುವಲ್ಲ, ತಂದೆತಾಯಿಯೇ ಮನೆ ಬಿಟ್ಟು ಹೊರಡಬೇಕು. ಮಗು ಅದೇ ಹಾಸಿಗೆಯಲ್ಲಿ ಮಲಗುತ್ತದೆ, ಅದೇ ಶಾಲೆಗೆ ಹೋಗುತ್ತದೆ. ಬಂಧುಗಳೋ ಸಮುದಾಯದ ಕಾರ್ಯಕರ್ತರೋ ಬಂದು ಆ ಮನೆಯಲ್ಲಿ ಇರುತ್ತಾರೆ. ಹೊರಗಿರುವ ತಂದೆತಾಯಿ ಚಿಕಿತ್ಸೆ, ಆಪ್ತಸಮಾಲೋಚನೆ ಮುಗಿಸಿ ಮರಳಬೇಕು. ಅಲ್ಲಿಯ ಮನೆಗಳು ಸಮುದಾಯದ ಒಡೆತನದಲ್ಲಿರುವುದರಿಂದ ಇದು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ನಮ್ಮ ಕೇರಿಗಳಲ್ಲಿ ಹಾಗೆಯೇ ಮಾಡಲಾಗದು. ಆದರೆ ತಪ್ಪು ಮಾಡಿದವರು ಒಬ್ಬರು, ಗಂಟುಮೂಟೆ ಕಟ್ಟುವವರು ಇನ್ನೊಬ್ಬರು ಎಂಬ ನಮ್ಮ ಪದ್ಧತಿಯನ್ನು ಅವರು ತಿರುಗಿಸಿ ಹಾಕಿದ ರೀತಿ ಯೋಚಿಸುವಂಥದ್ದು.

ಅದೇ ಪ್ರಾಂತ್ಯದ ನಾರ್ವೆ ಹೌಸ್ ಕ್ರೀ ಸಮುದಾಯದಲ್ಲಿ 1999ರಲ್ಲಿ ಹುಟ್ಟಿದ ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ ಮಗುವಿಗೆ ಸಂಕೀರ್ಣ ಕಾಯಿಲೆಯಿತ್ತು. ಆಸ್ಪತ್ರೆಯಿಂದ ಹೊರಗೆ, ಮನೆಯ ವಾತಾವರಣದಲ್ಲಿ ಇರಿಸಬಹುದು ಎಂದು ವೈದ್ಯರು ಹೇಳಿದ ಮೇಲೂ, ಆರೈಕೆಯ ಖರ್ಚು ಒಕ್ಕೂಟ ಸರ್ಕಾರದ್ದೋ ಪ್ರಾಂತ್ಯದ್ದೋ ಎಂಬ ವಾದ ಎರಡು ವರ್ಷಕ್ಕೂ ಹೆಚ್ಚು ಎಳೆಯಿತು. ಮಗು ಆಸ್ಪತ್ರೆಯಲ್ಲೇ, 5ನೇ ವಯಸ್ಸಿನಲ್ಲಿ ತೀರಿಕೊಂಡಿತು. ಮೊದಲು ಮಗುವಿಗೆ ಸೇವೆ, ಆಮೇಲೆ ಲೆಕ್ಕದ ಜಗಳ ಎಂಬ ನಿಯಮಕ್ಕೆ ಈಗ ಅವನದೇ ಹೆಸರಿದೆ. 2007ರಲ್ಲಿ ಸಂಸತ್ತಿನ ಕೆಳಮನೆ ಅದನ್ನು ಒಪ್ಪಿತು. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕಚೇರಿಗಳ “ಈ ಕಡತ ನಮ್ಮದಲ್ಲ” ಎಂಬ ಮಾತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳ, ಕುಣಬಿಗಳ, ಗೌಳಿಗಳ ಅದೇ ಬೇಡಿಕೆ ವರ್ಷಗಳಿಂದ ನನೆಗುದಿಗೆ ಬಿದ್ದಿದೆ. ಹೀಗಾಗಿ ಒಂದೇ ಕಾಡಿನಂಚಿನ, ಒಂದೇ ಬಡತನದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಒಂದು ಇಲಾಖೆ, ಇನ್ನೊಬ್ಬನಿಗೆ ಇನ್ನೊಂದು.

ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಬೇಕೆಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೆನಡಾದಲ್ಲಿ 2020ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಲನಿವಾಸಿ ಮಗುವನ್ನು ಇರಿಸುವಾಗ ಮೊದಲು ತಂದೆತಾಯಿ, ಆಮೇಲೆ ಕುಟುಂಬದ ಇತರ ಹಿರಿಯರು, ಆಮೇಲೆ ಅದೇ ಸಮುದಾಯದವರು ಎಂದು ಸರದಿಯನ್ನೇ ಬರೆದಿಟ್ಟಿದೆ. ಸಮುದಾಯಗಳು ತಮ್ಮದೇ ಮಕ್ಕಳ ಕಾನೂನು ಮಾಡಿಕೊಳ್ಳುವ ಹಕ್ಕನ್ನೂ ಮಾನ್ಯ ಮಾಡಿದೆ. ಸಸ್ಕ್ಯಾಚುವನ್ ಪ್ರಾಂತ್ಯದ ಕೌಸೆಸ್ ಸಮುದಾಯ ಅದರಂತೆ 2021ರ ಜುಲೈನಲ್ಲಿ ಒಕ್ಕೂಟ ಮತ್ತು ಪ್ರಾಂತ್ಯ ಎರಡೂ ಸರ್ಕಾರಗಳೊಂದಿಗೆ ಒಪ್ಪಂದ ಮಾಡಿಕೊಂಡು ಆ ಹೊಣೆಯನ್ನು ಕೈಗೆ ತೆಗೆದುಕೊಂಡಿತು. ಇಂಥ ಮಕ್ಕಳನ್ನು ಎಲ್ಲಿ ಇರಿಸಬೇಕೆಂದು ತೀರ್ಮಾನಿಸುವ ನಮ್ಮ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ, ಒಬ್ಬರಾದರೂ ಮಹಿಳೆ ಇರಬೇಕು. ಮಗುವಿನ ಸಮುದಾಯದವರನ್ನು ವಿಚಾರಣೆಯ ದಿನ ಕರೆಸಿ ಕೂರಿಸಿಕೊಳ್ಳಲು ಯಾವ ಕಾನೂನೂ ಅಡ್ಡಿಯಿಲ್ಲ. ಹಾಲಕ್ಕಿ ಕೊಪ್ಪಗಳಲ್ಲಿ ಗೌಡ, ಬುಧವಂತ, ಕೋಲಕಾರ ಎಂಬ ಹಿರಿಯರ ವ್ಯವಸ್ಥೆ ಪೂರ್ತಿ ಅಳಿದಿಲ್ಲ. ಯಾವ ಮಗುವಿಗೆ ಯಾರ ಮನೆ ಆದೀತು ಎಂಬುದು ಜೀಪಿನಲ್ಲಿ ಬಂದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹಣದ ಮಾತಿಗೆ ಬಂದರೆ, ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ರೂಪಿಸಿದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂಬ ಯೋಜನೆಯಿದೆ. ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅನಾಥವಾಗಿ ಬಂಧುಗಳ ಜೊತೆ ಬೆಳೆಯುವ ಮಗುವಿಗೂ ಸಿಗುತ್ತದೆ. ಆದರೆ ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದ ಆಧಾರ್ ಇವುಗಳ ಬೆನ್ನು ಹತ್ತಿ ಒಳಹಳ್ಳಿಯ ಮುದುಕಿಯೊಬ್ಬಳು ಕಾರವಾರಕ್ಕೆ ಎಷ್ಟು ಸಲ ಓಡಾಡಿಯಾಳು? ಒಂದು ಸಲ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಮ್ಮೆ ಅರ್ಜಿ ಬರೆದುಕೊಡುವ, ಮನೆಮಾತು ಬಲ್ಲ ಒಬ್ಬರು ಕುಳಿತರೂ ಸಾಕಾಗಿತ್ತು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಕೆನಡಾದ ಜೇಮ್ಸ್ ಕೊಲ್ಲಿಯ ಕ್ರೀ ಊರುಗಳಲ್ಲಿ ವಸಂತದಲ್ಲಿ ಹೆಬ್ಬಾತುಗಳು ಮರಳುವ ಹೊತ್ತಿಗೆ ಶಾಲೆಗೆ ರಜೆ ಕೊಡುತ್ತಾರೆ. ಮಕ್ಕಳು ಅಜ್ಜಅಜ್ಜಿಯರ ಜೊತೆ ಬೇಟೆಯ ಬಿಡಾರಕ್ಕೆ ಹೋಗಿ ಕಲಿಯುತ್ತಾರೆ. ನಾನು ಅಂಕೋಲಾದಲ್ಲಿದ್ದಾಗ ಹೋಳಿಯ ಸಮಯದಲ್ಲಿ ತುರಾಯಿ ಕಟ್ಟಿ ಸುಗ್ಗಿ ಕುಣಿತಕ್ಕೆ ಹೋದ ಹಾಲಕ್ಕಿ ಹುಡುಗರ ಹೆಸರಿನ ಮುಂದೆ ವರ್ಷವರ್ಷವೂ ಗೈರು ಎಂದೇ ಗುರುತು ಹಾಕಿದ್ದೇನೆ, ಕಿವಿಯನ್ನೂ ಹಿಂಡಿದ್ದೇನೆ.

ಎಲ್ಲ ಅಜ್ಜಿಯರೂ ಸಮರ್ಥರಲ್ಲ, ಬಂಧುಗಳ ಮನೆಯಲ್ಲೇ ದೌರ್ಜನ್ಯ ನಡೆಯುವುದೂ ಉಂಟು. ಅಂಥ ಕಡೆ ಮಗುವನ್ನು ಅಂದೇ ಹೊರತರಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಯಾರೂ ಹಿಂಜರಿಯಬಾರದು. ನಾನು ಕೇಳುವುದು ವಿಚಾರಣೆಯನ್ನು ಮಾತ್ರ. ಮಗುವಿನ ಕಡತದ ಮೊದಲ ಪುಟದಲ್ಲಿ ತಾಯಿಯ ಕಡೆಯ ಮತ್ತು ತಂದೆಯ ಕಡೆಯ ಬಂಧುಗಳ ಹೆಸರು, ಊರು, ಅವರನ್ನು ಕಂಡು ಮಾತನಾಡಿದ ದಿನಾಂಕ, ಮಾತನಾಡಿದ ಭಾಷೆ ಇವಿಷ್ಟನ್ನು ತುಂಬದೆ ಆದೇಶಕ್ಕೆ ಸಹಿ ಬೀಳಬಾರದು ಎಂದು ಜಿಲ್ಲಾಡಳಿತ ಒಂದು ಸುತ್ತೋಲೆ ಹೊರಡಿಸಲಿ. ಈ ಜೂನ್‌ಗೆ ಆಗದಿದ್ದರೆ, ಗ್ರಾಮ ಪಂಚಾಯಿತಿಗಳ ಮುಂದಿನ ಮಕ್ಕಳ ಗ್ರಾಮಸಭೆಯ ಹೊತ್ತಿಗಾದರೂ ಹೊರಡಿಸಲಿ, ಆ ಸಭೆಗೆ ಅಜ್ಜಿಯರನ್ನೂ ಕರೆಯಲಿ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಶಿರಸಿ