ಬ್ಯಾಕಪ್ ಡಿಸ್ಕ್‌ನ ಫೈಲ್ ಸಿಸ್ಟಮ್ ಕೇಳಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಹಸ್ತಪ್ರತಿಗಳ ಸ್ಕ್ಯಾನಿಂಗ್ ಈಗ ಹಲವು ಕಡೆ ನಡೆಯುತ್ತಿದೆ, ಬಹಳ ಸಂತೋಷ. ಆದರೆ ಆ ಫೈಲ್‌ಗಳನ್ನು ಎಲ್ಲಿ, ಹೇಗೆ ಇಡುತ್ತಾರೆ ಅಂತ ಕೇಳುವವರು ಕಡಿಮೆ.

ನಾನು ಶಿರಸಿಯ ಸಣ್ಣ ಗ್ರಂಥಾಲಯವೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಮೂಲ ಡಿಸ್ಕ್ ಕೆಟ್ಟಿತು. ಬ್ಯಾಕಪ್‌ನಿಂದ ತೆಗೆದರೆ ಹನ್ನೆರಡು ಪುಟಗಳು ಅರ್ಧಕ್ಕರ್ಧ ಬೂದು! ಆ ಸರ್ವರ್‌ನಲ್ಲಿದ್ದ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಇಎಕ್ಸ್‌ಟಿ4. ಒಳ್ಳೆಯದೇ, ಆದರೆ ಅದು ಫೈಲ್‌ನೊಳಗಿನ ಮಾಹಿತಿಗೆ ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಅಂತ ತಾಳೆ ನೋಡುವ ಸಂಖ್ಯೆ) ಇಡುವುದಿಲ್ಲ. ಹಾಗಾಗಿ ಫೈಲ್ ಹಾಳಾದದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಈಗ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗೆ ಬದಲಾಯಿಸಿದ್ದೇವೆ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲೇ ಇದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಇದರಲ್ಲಿ ಪ್ರತಿ ಬ್ಲಾಕ್‌ಗೂ (ಮಾಹಿತಿಯ ತುಂಡಿಗೂ) ಚೆಕ್‌ಸಮ್ ಇರುತ್ತದೆ. ಓದುವಾಗ ತಾಳೆಯಾಗದಿದ್ದರೆ ಜೋಡಿ ಡಿಸ್ಕ್‌ನಲ್ಲಿರುವ ಸರಿಯಾದ ಪ್ರತಿಯಿಂದ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಎಲ್ಲವನ್ನೂ ಓದಿ ತಾಳೆ ನೋಡುವ ಕೆಲಸ, ಓಡಿಸುತ್ತೇನೆ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನಲ್ಲೂ ಚೆಕ್‌ಸಮ್ ಇದೆ, ಆದರೆ ಅದರ ರೇಡ್ 5, 6 (ಮಾಹಿತಿಯನ್ನು ಹಲವು ಡಿಸ್ಕ್‌ಗಳಿಗೆ ಹಂಚಿಡುವ ವಿಧಾನಗಳು) ಮಾತ್ರ ಬೇಡ.

ಡಿಸ್ಕ್ ಎರಡಿದೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ತಪ್ಪಾಗಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ ಅಲ್ವಾ? ಸ್ನ್ಯಾಪ್‌ಶಾಟ್ (ಫೈಲ್‌ಗಳು ಒಂದು ಹೊತ್ತಿನಲ್ಲಿ ಹೇಗಿದ್ದವೋ ಹಾಗೇ ಉಳಿಸಿದ ರೂಪ) ಬೇಕು, ಬೇರೆ ಊರಲ್ಲಿ ಇನ್ನೊಂದು ಪ್ರತಿ ಬೇಕು. ಸ್ಕ್ಯಾನಿಂಗ್‌ಗೆ ಟೆಂಡರ್ ಕರೆಯುವವರು ದಯವಿಟ್ಟು ಇದನ್ನೂ ಬರೆಯಲಿ.

– ಗ್ರಂಥಾಲಯ ಸಿಬ್ಬಂದಿ, ಶಿರಸಿ