ಅಪ್ಪಟ ಲೆದರ್ ಎಂದು ಹೇಳಿ ಪ್ಲಾಸ್ಟಿಕ್ ಬಟ್ಟೆ ಹೊದಿಸಿದ್ದೀರಿ

ನಾಪೋಕ್ಲು, ಕೊಡಗು
12 ಸೆಪ್ಟೆಂಬರ್ 2025

ಮಾಲೀಕರಿಗೆ,
ಸೋಫಾ ಮತ್ತು ವಾಹನದ ಸೀಟು ಹೊದಿಕೆ ಮಳಿಗೆ, ಮೈಸೂರು

ವಿಷಯ: ಒಂದು ಸೋಫಾ, ಎರಡು ಬೀಟೆ ಕುರ್ಚಿ ಮತ್ತು ಜೀಪಿನ ಮುಂದಿನ ಸೀಟುಗಳಿಗೆ ಚರ್ಮದ ಬದಲು ಬೇರೆ ವಸ್ತು ಹಾಕಿರುವ ಬಗ್ಗೆ

ಮಾನ್ಯರೇ,

ಜೂನ್‌ನಿಂದ ಇಲ್ಲಿಯವರೆಗೆ ನಿಮಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ಎರಡು ಸಲ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದೇನೆ. ಒಂದು ಸಲ ನಾನೇ ಬಂದಿದ್ದೇನೆ. ಪ್ರತಿ ಸಲವೂ "ನಮ್ಮ ಹುಡುಗ ಬಂದು ನೋಡ್ತಾನೆ" ಎಂದಿರಿ. ಯಾರೂ ಬರಲಿಲ್ಲ. ಈ ತಿಂಗಳ 3ನೇ ತಾರೀಕು ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಗೆ ನೆಂಟರು ಬಂದಿದ್ದರು. ನಮ್ಮವರ ಅಣ್ಣ ಊಟಕ್ಕೆ ಎಂದು ಕುರ್ಚಿಯಿಂದ ಎದ್ದರು. ಅವರ ಬಿಳಿ ಅಂಗಿಯ ಬೆನ್ನಿನ ತುಂಬಾ ಕಂದು ಬಣ್ಣದ ಚೂರುಗಳು ಅಂಟಿಕೊಂಡಿದ್ದವು. ವಯಸ್ಸಾದವರು, ಏನೂ ಹೇಳಲಿಲ್ಲ. ಆದರೆ ಆಮೇಲೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಹಾಗಾಗಿ ಇನ್ನು ಫೋನ್ ಬೇಡ, ಬರೆದೇ ಕೊಡುತ್ತೇನೆ ಎಂದು ಕೂತಿದ್ದೇನೆ.

ನೀವು ಮರೆತಿರಬಹುದು, ಮೊದಲಿಂದ ಹೇಳುತ್ತೇನೆ. ಈ ಎರಡು ಕುರ್ಚಿ ನಮ್ಮ ಮಾವನವರದು. ನಾನು 1984ರಲ್ಲಿ ಸೊಸೆಯಾಗಿ ಈ ಮನೆಗೆ ಬಂದಾಗಲೇ ಅವುಗಳಿಗೆ ಚರ್ಮ ಹೊದಿಸಿತ್ತು. ನಾನು ನೋಡಿದ್ದೇ ಮೂವತ್ತೊಂಬತ್ತು ಮಳೆಗಾಲ. ಬಣ್ಣ ಮಾಸಿತ್ತು. ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಮಾವನವರು ಕೈ ಇಡುತ್ತಿದ್ದ ಜಾಗ ಕಪ್ಪಗೆ ನುಣುಪಾಗಿತ್ತು. ಆದರೆ ಒಂದು ದಿನವೂ ಸಿಪ್ಪೆ ಎದ್ದಿರಲಿಲ್ಲ. ಸ್ಪ್ರಿಂಗು ಸಡಿಲವಾಗಿದ್ದರಿಂದ, ಹುತ್ತರಿಗೆ ಮುಂಚೆ ಸರಿ ಮಾಡಿಸೋಣ ಎಂದು 2023ರ ಅಕ್ಟೋಬರಿನಲ್ಲಿ ನಿಮ್ಮನ್ನು ಕರೆದೆವು.

ನಿಮ್ಮ ಮಾರಾಟದವರು ಸ್ಯಾಂಪಲ್ ಪುಸ್ತಕ ಹಿಡಿದು ಮನೆಗೇ ಬಂದರು. ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಚಪ್ಪಲಿಗೆ, ಪುಸ್ತಕಕ್ಕೆ, ಬೆಲ್ಟಿಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕುರ್ಚಿ ಇರುವುದು ಜಗಲಿಯ ಕಿಟಕಿ ಪಕ್ಕ. ಜೀಪಿಗೆ ಕ್ಯಾನ್ವಾಸ್ ಹುಡ್ ಇದೆ, ತೋಟದಿಂದ ಒದ್ದೆ ಬಟ್ಟೆಯಲ್ಲೇ ಹತ್ತುತ್ತೇವೆ. ಇದಕ್ಕೆ ಯಾವ ಲೆದರ್ ಸರಿ ಎಂದು ಕೇಳಿದೆ. ಜೀಪಿಗೆ ರೆಕ್ಸಿನ್ ಸಾಕು ಎಂದೂ ನಾನೇ ಹೇಳಿದೆ. ಅವರು ಪುಸ್ತಕದ ಒಂದು ಹಾಳೆ ತಟ್ಟಿ, "ಇದು ಅಪ್ಪಟ ಟಾಪ್ ಗ್ರೇನ್ ಲೆದರ್ ಮೇಡಂ, ನಿಮ್ಮ ಮಳೆಗೆ ಏನೂ ಆಗಲ್ಲ, ಐದು ವರ್ಷ ಗ್ಯಾರಂಟಿ. ಜೀಪಿಗೂ ಇದನ್ನೇ ಹಾಕಿಸಿ, ಮ್ಯಾಚ್ ಆಗುತ್ತೆ" ಎಂದರು. ನಂಬಿದೆ. 1,18,000 ರೂಪಾಯಿ ಕೊಟ್ಟೆ.

2024ರ ಮಳೆಗಾಲದಲ್ಲಿ ಕುರ್ಚಿಯ ತೋಳಿನ ಮೇಲೆ ಸಣ್ಣ ಗುಳ್ಳೆ ಎದ್ದವು. ಫೋನ್ ಮಾಡಿದರೆ "ಒಣ ಬಟ್ಟೆಯಲ್ಲಿ ಒರೆಸಿ, ಸರಿ ಹೋಗುತ್ತೆ" ಎಂದಿರಿ. ಒರೆಸಿದೆ. ಈ ಜೂನಿನಲ್ಲಿ ಆ ಗುಳ್ಳೆ ಒಡೆದು ಪೊರೆ ಸುಲಿಯಿತು. ಜೀಪಿನ ಡ್ರೈವರ್ ಸೀಟಿನಲ್ಲಿ, ಹತ್ತಿ ಇಳಿಯುವಾಗ ಮೈ ಉಜ್ಜುವ ಅಂಚು ಪೂರ್ತಿ ಬೋಳಾಗಿದೆ. ಒಳಗಿನ ಬಿಳಿ ಬಟ್ಟೆ ಕಾಣುತ್ತದೆ.

ಈಗ ಆಗಸ್ಟ್ 3ರ ವಿಷಯ. ಅವತ್ತು ಭಾನುವಾರ. ಕಕ್ಕಡ ಮಾಸದ ಹದಿನೆಂಟನೇ ದಿನ. ನಮ್ಮ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಭಾನುವಾರವೂ ಅಂಗಡಿ ತೆರೆದಿರುತ್ತದೆ, ಮ್ಯಾನೇಜರ್ ಇರುತ್ತಾರೆ ಎಂದು ನಿಮ್ಮವರೇ ಫೋನಿನಲ್ಲಿ ಹೇಳಿದ್ದರಿಂದ, ಪಾಯಸ ಸೊಸೆಗೆ ಒಪ್ಪಿಸಿ ಬೆಳಿಗ್ಗೆ ಆರೂವರೆಗೆ ಹೊರಟೆ. ಸುಲಿದು ಬಿದ್ದ ಚೂರುಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಮೈಸೂರಿನಲ್ಲಿ ಬಸ್ ಇಳಿಯುವಾಗ ಮಳೆ. ಸೀರೆಯ ಅಂಚು ನೆನೆದಿತ್ತು.

ಒಳಗೆ ಬಂದು ಬಾಗಿಲ ಹತ್ತಿರದ ಸೋಫಾದಲ್ಲಿ ಕೂರಲು ಹೋದೆ. ಕೌಂಟರಿನ ಹುಡುಗಿ ಓಡಿ ಬಂದಳು. "ಮೇಡಂ ಮೇಡಂ, ಒದ್ದೆ ಸೀರೆಯಲ್ಲಿ ಕೂರಬೇಡಿ, ಲೆದರ್ ಹಾಳಾಗುತ್ತೆ" ಎಂದಳು. ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಮೂಲೆಯಲ್ಲಿ ಇಟ್ಟಳು. ನೀರಿನ ಕ್ಯಾನಿನ ಪಕ್ಕ. ಅಲ್ಲಿ ಕೂತೆ. ಹತ್ತೂವರೆಯಿಂದ ಹನ್ನೆರಡರವರೆಗೆ ಕೂತೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಹೇಳಿಕೊಟ್ಟಿದ್ದನ್ನು ಅವಳು ಹೇಳಿದಳು. ಆದರೆ ನೀವೇ ಯೋಚಿಸಿ. ಮಳೆಗೆ ಏನೂ ಆಗಲ್ಲ ಎಂದು ನನಗೆ ಮಾರಿದ ಅದೇ ಅಂಗಡಿಯಲ್ಲಿ, ಒದ್ದೆ ಅಂಚಿನ ಸೀರೆಗೆ ನನ್ನನ್ನು ಸೋಫಾದಲ್ಲಿ ಕೂರಲು ಬಿಡಲಿಲ್ಲ.

ಹನ್ನೆರಡಕ್ಕೆ ಮ್ಯಾನೇಜರ್ ಬಂದರು. ಒಳಗೆ ಕರೆಯಲಿಲ್ಲ. ಅಲ್ಲೇ ನಿಂತು ಮಾತಾಡಿದರು. ಹೊಸದಾಗಿ ಮನೆ ಮಾಡುತ್ತಿದ್ದ ಗಂಡ ಹೆಂಡತಿ ಇಬ್ಬರು ಬಣ್ಣ ಆರಿಸುತ್ತಿದ್ದರು, ಅವರೂ ತಿರುಗಿ ನೋಡಿದರು. ನಾನು ಡಬ್ಬಿ ತೆರೆದು ತೋರಿಸಿದೆ. ಅವರು ಕೈಗೆ ತೆಗೆದುಕೊಳ್ಳಲಿಲ್ಲ. "ಏನಮ್ಮಾ ಇದು, ತಿಂಡಿ ಡಬ್ಬಿಯಲ್ಲಿ ಕಸ ತಂದಿದ್ದೀರಲ್ಲ" ಎಂದರು. ಕೆಲಸದ ಹುಡುಗರು ನಕ್ಕರು. ಕಸ ಅಲ್ಲ, ನೀವು ಹೊದಿಸಿದ್ದು ಎಂದೆ. "ಎಣ್ಣೆ ಹಚ್ಚಿದ್ರಾ?" ಇಲ್ಲ ಎಂದೆ. "ಬೆಂಕಿ ಹತ್ತಿರ ಇಟ್ಟಿದ್ರಾ?" ಇಲ್ಲ ಎಂದೆ. "ಹಾಗಾದ್ರೆ ಮಳೆಗೆ ಹೊರಗೆ ಬಿಟ್ಟಿರ್ತೀರಿ. ಕೊಡಗಿನ ಕಡೆಯಿಂದ ಇದೇ ಕಂಪ್ಲೇಂಟು. ಇಟ್ಟುಕೊಳ್ಳೋಕೆ ಬರಬೇಕಮ್ಮಾ. ನಿಮಗೆ ಲೆದರ್ ಅಂದ್ರೆ ಏನು ಅಂತ ಗೊತ್ತಾ?"

ಅರವತ್ತೆರಡು ವರ್ಷದ ಹೆಂಗಸು ನಾನು. ನಲವತ್ತು ವರ್ಷ ಮನೆ ನಡೆಸಿದ್ದೇನೆ. ಉತ್ತರ ಬಾಯಿಗೆ ಬರಲಿಲ್ಲ. ಡಬ್ಬಿ ಮುಚ್ಚಲು ಹೋದರೆ ಮುಚ್ಚಳ ಕೂರಲಿಲ್ಲ, ಕೈ ನಡುಗುತ್ತಿತ್ತು. ಅಷ್ಟರಲ್ಲಿ ಒಂದು ರಿಜಿಸ್ಟರ್ ತಂದು ಸಹಿ ಹಾಕಿ ಎಂದರು. ಅದರಲ್ಲಿ 'ಗ್ರಾಹಕರ ತಪ್ಪು ಬಳಕೆ' ಎಂದು ಮೊದಲೇ ಬರೆದಿತ್ತು. ನಾನು ಸಹಿ ಹಾಕಲಿಲ್ಲ. ಅವತ್ತು ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಲೆದರ್ ಅಂದರೆ ಏನು ಎಂದು ಕೇಳಿದಿರಲ್ಲ, ಆಮೇಲೆ ತಿಳಿದುಕೊಂಡೆ. ವಿರಾಜಪೇಟೆಯಲ್ಲಿ ತುಂಬಾ ವರ್ಷದಿಂದ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಮನೆಗೆ ಕರೆಸಿದೆ. ಅವರು ಕುರ್ಚಿ ಮಗುಚಿ, ಅಡಿಯ ಮೊಳೆ ಬಿಚ್ಚಿ, ಒಳಗಿನ ಬದಿ ತೋರಿಸಿದರು. ನಿಜವಾದ ಚರ್ಮದ ಹಿಂಬದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡ ನಾರು ಇರುತ್ತದೆ, ಮುಟ್ಟಿದರೆ ಜುಂಗು ಜುಂಗಾಗಿರುತ್ತದೆ. ನಿಮ್ಮದರ ಹಿಂದೆ ನೇಯ್ದ ಬಟ್ಟೆ ಇದೆ. ದನದ ಚರ್ಮ ದಪ್ಪ ಇರುವುದರಿಂದ ಅದನ್ನು ಪದರ ಪದರವಾಗಿ ಸೀಳುತ್ತಾರೆ. ಮೇಲಿನ ಪದರವೇ ಗಟ್ಟಿ. ಅದರ ಮೈಯನ್ನು ಉಜ್ಜದೆ ಹಾಗೇ ಬಿಟ್ಟರೆ ಫುಲ್ ಗ್ರೇನ್, ಸ್ವಲ್ಪ ಉಜ್ಜಿ ನಯ ಮಾಡಿದರೆ ಟಾಪ್ ಗ್ರೇನ್. ಕೆಳಗಿನ ಪದರ ಸ್ಪ್ಲಿಟ್, ಅದಕ್ಕೆ ಅಷ್ಟು ಬಲ ಇಲ್ಲ. ಉಳಿದ ಚೂರುಗಳನ್ನು ಪುಡಿ ಮಾಡಿ ಅಂಟಿನಲ್ಲಿ ಒತ್ತಿ, ಮೇಲೆ ಪ್ಲಾಸ್ಟಿಕ್ ಪೊರೆ ಹಾಕಿದರೆ ಅದು ಬಾಂಡೆಡ್ ಲೆದರ್.

ನಮ್ಮಂಥ ಊರಿಗೆ ಯಾವುದು ಸರಿ ಎನ್ನುವುದನ್ನೂ ಅವರೇ ಹೇಳಿದರು. ಮನೆಯ ಕುರ್ಚಿಗೆ ಕ್ರೋಮ್ (ಕ್ರೋಮಿಯಂ ಉಪ್ಪು) ಹಾಕಿ ಹದ ಮಾಡಿದ, ಮೇಲೆ ಬಣ್ಣದ ಲೇಪ ಇರುವ ಟಾಪ್ ಗ್ರೇನ್, ಒಂದು ಮಿಲಿಮೀಟರಿಗಿಂತ ತೆಳ್ಳಗಿರಬಾರದು. ನೀರಿನ ಹನಿ ಅದರ ಮೇಲೆ ಮಣಿಯ ಹಾಗೆ ನಿಲ್ಲುತ್ತದೆ, ಬೂಷ್ಟು ಬಂದರೆ ಒರೆಸಿ ನೆರಳಿನ ಗಾಳಿಗೆ ಇಟ್ಟರೆ ಆಯಿತು. ಬರೀ ಬಣ್ಣ ಕುಡಿಸಿದ ಅನಿಲಿನ್ ಚರ್ಮ ಕೈಗೆ ಬಹಳ ಮೆತ್ತಗೆ, ಆದರೆ ಅದು ನೀರನ್ನೂ ಕುಡಿಯುತ್ತದೆ, ಕಲೆ ನಿಲ್ಲುತ್ತದೆ. ತೊಗಟೆಯಲ್ಲಿ ಹದ ಮಾಡಿದ್ದು ಚೀಲಕ್ಕೆ, ಬೆಲ್ಟಿಗೆ ಚೆನ್ನ. ಮಳೆ ಬಿಸಿಲು ಎರಡೂ ಬೀಳುವ ಸೀಟಿಗೆ ಹಾಕಿದರೆ ಕಲೆಯಾಗಿ ಕಪ್ಪಾಗುತ್ತದೆ. ಮಖಮಲ್ಲಿನ ಹಾಗಿರುವ ಸ್ಯೂಡ್ ಅಂತೂ ಇಲ್ಲಿಗೆ ಬೇಡವೇ ಬೇಡ. ಹುಡ್ ಹಾಕಿದ ಜೀಪಿಗೆ ಒಳ್ಳೇ ಪಿವಿಸಿ ರೆಕ್ಸಿನ್ ಸಾಕಿತ್ತು. ನಾನು ಮೊದಲೇ ಹೇಳಿದ್ದು ಅದನ್ನೇ ಅಲ್ವಾ? ದಾರವೂ ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು, ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ. ಸೋಫಾದ ಒಂದು ಹೊಲಿಗೆ ಬಿಚ್ಚಿದ್ದು ಯಾಕೆ ಎಂದು ಆಗ ಗೊತ್ತಾಯಿತು. ನೀವು ಹಾಕಿದ್ದು ಹತ್ತಿ ದಾರ.

ನಿಮ್ಮ ಹೊದಿಕೆಯ ಮೇಲಿನ ಪೊರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಅದು ತೇವ ಮತ್ತು ಬಿಸಿ ಸೇರಿದರೆ ನಿಧಾನವಾಗಿ ಒಡೆಯುತ್ತದೆ. ಬಳಸದೆ ಸುಮ್ನೆ ಮುಚ್ಚಿಟ್ಟರೂ ಒಡೆಯುತ್ತದೆ. ದಿನವಿಡೀ ಈ ಕೆಲಸವೇ ಮಾಡುವ ನಿಮಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಕೊಡಗಿನಿಂದ ಇದೇ ದೂರು ಬರುತ್ತದೆ ಎಂದು ನೀವೇ ಹೇಳಿದಿರಿ. ಬರುತ್ತದೆ ಎಂದು ಗೊತ್ತಿದ್ದೂ ನಮಗೆ ಮಾರಿದಿರಿ.

ಅವತ್ತು ಇನ್ನೊಂದಾಯಿತು. ಮೊಳೆ ಬಿಚ್ಚುವಾಗ ಕುರ್ಚಿಯ ಹಿಂಬದಿ ಪಟ್ಟಿಯ ಕೆಳಗೆ ಹಳೇ ಚರ್ಮದ ಒಂದು ತುಂಡು ಸಿಕ್ಕಿತು. ಎರಡು ಬೆರಳು ಅಗಲ. ನಿಮ್ಮವರು ಕಿತ್ತಾಗ ಮೊಳೆಯಡಿ ಉಳಿದಿದ್ದು. ಹಿರಿಯರು ಅದರ ಒಂದು ಎಳೆಯನ್ನು ಕತ್ತರಿಸಿ ಸುಟ್ಟರು. ಕೂದಲು ಸುಟ್ಟ ವಾಸನೆ ಬಂತು. ನಿಮ್ಮದನ್ನು ಸುಟ್ಟರು. ಕರಗಿ, ಕಪ್ಪು ಗುಂಡಾಗಿ, ಪ್ಲಾಸ್ಟಿಕ್ ನಾತ ಹೊಡೆಯಿತು. ಆ ಹಳೇ ತುಂಡನ್ನು ಮಾವನವರ ಫೋಟೋದ ಹಿಂದೆ ಇಟ್ಟಿದ್ದೇನೆ. ಉಳಿದ ಹಳೇ ಚರ್ಮ ವಾಪಸ್ ಬೇಕು ಎಂದು 2023ರಲ್ಲೇ ಕೇಳಿದ್ದೆ. "ಅದನ್ನೇನು ಮಾಡ್ತೀರಿ, ಎಸೆದ್ವಿ" ಎಂದಿರಿ. ಈ ಇಡೀ ವ್ಯವಹಾರದಲ್ಲಿ ನನಗೆ ಜಾಸ್ತಿ ನೋವಾಗಿರುವುದು ಅದಕ್ಕೆ. ದುಡ್ಡಿಗಲ್ಲ.

ಈಗ ನಿಮ್ಮ ಬಿಲ್ಲು. ನನ್ನ ತಂಗಿಯ ಮಗ ಗೋಣಿಕೊಪ್ಪಲಿನಲ್ಲಿ ಲೆಕ್ಕಪತ್ರ ನೋಡುತ್ತಾನೆ. ಅವನು ಬಿಲ್ಲು ಕೈಗೆ ತೆಗೆದುಕೊಂಡವನೇ, "ದೊಡ್ಡಮ್ಮಾ, ಇದರಲ್ಲೇ ಎಲ್ಲಾ ಇದೆಯಲ್ಲ" ಎಂದ. ವಿವರದಲ್ಲಿ 'ಲೆದರ್, 22 ಮೀಟರ್' ಎಂದು ಬರೆದಿದ್ದೀರಿ. ಚರ್ಮವನ್ನು ಮೀಟರಿನಲ್ಲಿ ಮಾರುವುದಿಲ್ಲ. ಪ್ರತಿ ಚರ್ಮದ ಆಕಾರ ಬೇರೆ, ಅದಕ್ಕೇ ಒಂದೊಂದನ್ನೂ ಅಳೆದು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಮೀಟರಿನಲ್ಲಿ ಬರುವುದು ಸುರುಳಿ ಸುತ್ತಿದ ಮಾಲು. ಪಕ್ಕದಲ್ಲಿ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಮಾಲು ಯಾವುದೆಂದು ಗುರುತಿಸುವ ಸಂಖ್ಯೆ) 5903 ಎಂದಿದೆ. ಹದ ಮಾಡಿ ಸಿದ್ಧಪಡಿಸಿದ ದನದ ಚರ್ಮಕ್ಕೆ 4107. ಚರ್ಮದ ಪುಡಿಯಿಂದ ಮಾಡಿದ ಹಾಳೆಗೂ 4115 ಎಂದು ಬೇರೆ ಸಂಖ್ಯೆ ಇದೆ. 5903 ಎಂದರೆ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ. ಅಂದರೆ ಸರ್ಕಾರಕ್ಕೆ ತೆರಿಗೆ ಕಟ್ಟುವಾಗ ಬಟ್ಟೆ, ನನ್ನ ಹತ್ತಿರ ದುಡ್ಡು ತೆಗೆದುಕೊಳ್ಳುವಾಗ ಲೆದರ್. ಇದನ್ನು ಬರೆದು ಕೊಟ್ಟವರು ನೀವು. ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ.

ನಾನು ಕೇಳುವುದು ಇಷ್ಟು. ಕೊಟ್ಟ 1,18,000 ರೂಪಾಯಿ ಪೂರ್ತಿ ವಾಪಸ್ ಕೊಡಿ. ಬೇರೆ ಹೊದಿಕೆ ಹಾಕಿಕೊಡುತ್ತೇವೆ ಎಂದು ಬರಬೇಡಿ, ಆ ಕುರ್ಚಿಗಳನ್ನು ಇನ್ನು ನಿಮ್ಮವರು ಮುಟ್ಟುವುದು ಬೇಡ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಬರೆದ 'ತಪ್ಪು ಬಳಕೆ' ಎಂಬ ಮಾತನ್ನು ಹೊಡೆದುಹಾಕಿ, ಅದರ ಫೋಟೋ ಕಳಿಸಿ. ಹಳೇ ಚರ್ಮದ ಒಂದು ಚೂರಾದರೂ ನಿಮ್ಮ ಗೋದಾಮಿನಲ್ಲಿ ಉಳಿದಿದ್ದರೆ ಹುಡುಕಿಕೊಡಿ.

ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ತಲುಪಿದ ದಿನದಿಂದ 15 ದಿನ ಕಾಯುತ್ತೇನೆ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮೈಸೂರಿಗೆ ಬರಬೇಕಾಗಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ವಸ್ತುವಿನ ತುಂಡನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಚರ್ಮಕ್ಕೆ ಎಂದೇ ಇರುವ ಸಂಶೋಧನಾ ಸಂಸ್ಥೆ ಚೆನ್ನೈನಲ್ಲಿದೆ, ಅಲ್ಲಿಗೇ ಕಳಿಸಿ ಎಂದು ಕೇಳುತ್ತೇನೆ. ಲೆದರ್ ಅಂದರೆ ಏನು ಎಂದು ಅವರು ನಿಮಗೆ ಬರೆದು ಕೊಡುತ್ತಾರೆ.

ನಮ್ಮ ಕಡೆಯ ಹೋಮ್‌ಸ್ಟೇಗಳಿಗೆ ನೀವು ಸ್ಯಾಂಪಲ್ ಪುಸ್ತಕ ಕಳಿಸುತ್ತಿರುವುದು ನನಗೆ ಗೊತ್ತು. ನಾಪೋಕ್ಲಿನಲ್ಲಿ, ಕಕ್ಕಬ್ಬೆಯಲ್ಲಿ, ಭಾಗಮಂಡಲದಲ್ಲಿ ಹೋಮ್‌ಸ್ಟೇ ನಡೆಸುವವರಲ್ಲಿ ನನಗೆ ಪರಿಚಯ ಇಲ್ಲದವರು ಕಡಿಮೆ. ಎಲ್ಲರಿಗೂ ನಿಮ್ಮ ಬಿಲ್ಲು ತೋರಿಸುತ್ತೇನೆ. ಹಿಂಬದಿ ನೋಡಿ, ಒಂದು ಎಳೆ ಸುಟ್ಟು ನೋಡಿ, ಚದರ ಅಡಿಯಲ್ಲಿ ಬಿಲ್ಲು ಕೇಳಿ ಎಂದು ಒಬ್ಬೊಬ್ಬರಿಗೂ ಹೇಳುತ್ತೇನೆ. ವಿಚಾರಣೆಯ ದಿನ ಆ ಕುರ್ಚಿಯನ್ನೇ ಅದೇ ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಗೆ ಬರುತ್ತೇನೆ. ಸ್ಟೀಲ್ ಡಬ್ಬಿಯೂ ಜೊತೆಗಿರುತ್ತದೆ. ಅವತ್ತು ಮಳೆ ಇದ್ದರೂ ಬರುತ್ತೇನೆ.

ಇಂತಿ,
ಆಗಸ್ಟ್ 3ರಂದು ನಿಮ್ಮ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ಗ್ಯಾರಂಟಿ ಚೀಟಿಯ ಪ್ರತಿ, ಏಳು ಫೋಟೋ